ಅತ್ತಿಗೆ ಮತ್ತು ಕಪ್ಪು ಡಬ್ಬಿ

ನನ್ನ ಅತ್ತಿಗೆಯ ಸೀರೆಯ ಮೇಲೆ, ಸೊಂಟದ ಹತ್ತಿರ, ಯಾವಾಗಲೂ ಅರಿಸಿನ ಬೆರಳುಗಳ ಗುರುತು ಇರುತ್ತಿತ್ತು. ಒಗ್ಗರಣೆ ಹಾಕಿದ ಕೈಯನ್ನು ಅಲ್ಲೇ ಒರೆಸಿಕೊಂಡು ನನ್ನೆದುರು ಹರಟೆಗೆ ಕೂರುವರು. ಅವ್ವ ಅವರೊಂದಿಗೆ ಕೆಲಸದ ಮಾತು ಬಿಟ್ಟು ಇನ್ನೊಂದು ಆಡುತ್ತಿರಲಿಲ್ಲ. ಅಣ್ಣ ಹರಿಹರದ ಕಾರ್ಖಾನೆಯಿಂದ ಬಂದರೆ ಉಂಡು ಮಲಗುವವನು. ನಿಟ್ಟುವಳ್ಳಿಯ ಆ ಮನೆಯಲ್ಲಿ ಅವರಿಗೆ ನಾನು, ನನಗೆ ಅವರು.

ಎಂಬತ್ತರ ದಶಕದ ಕೊನೆ. ಅಣ್ಣನ ಮೇಲಧಿಕಾರಿಯೊಬ್ಬರು ಊರು ಬಿಡುವಾಗ ಟಿವಿಗೆ ಜೋಡಿಸುವ ಪುಟ್ಟ ಕಂಪ್ಯೂಟರೊಂದನ್ನು ಮಾರಲಿದ್ದರು. ಅಣ್ಣ ಮುಖ ಸಿಂಡರಿಸಿದ. ಪಟ್ಟು ಹಿಡಿದವರು ಅತ್ತಿಗೆ. "ಹುಡುಗಿ ಬಿಎಸ್ಸಿ ಓದೈತೆ, ಬರೇ ರೊಟ್ಟಿ ತಟ್ಟಕ್ಕೇನು? ತಗೊಂಡ್ ಬರ್ರಿ." ಕಂಪ್ಯೂಟರು ಬಂತು. ನಾನು ಪುಸ್ತಕ ನೋಡಿ ಪ್ರೋಗ್ರಾಮು ಬರೆಯಲು ಕಲಿತೆ.

ಹರಿಹರದಲ್ಲಿ ಹೊಸದಾಗಿ ತೆರೆದ ಕಂಪ್ಯೂಟರ್ ಶಾಲೆಗೆ ಶಿಕ್ಷಕಿ ಬೇಕಿತ್ತು. ನಾವೇ ಬರೆದ ಪ್ರೋಗ್ರಾಮನ್ನು ಸಂದರ್ಶನದಲ್ಲಿ ನಡೆಸಿ ತೋರಿಸಬೇಕು. ಅದು ಹತ್ತಿರ ಬಂದು, ನನ್ನ ಪ್ರೋಗ್ರಾಮು ಇನ್ನೂ ಅರ್ಧದಲ್ಲಿದ್ದಾಗಲೇ ಒಂದು ಮಧ್ಯಾಹ್ನ ಕರೆಂಟು ಹೋಗಿ, ವಾಪಸ್ ಬರುವಾಗ ವೋಲ್ಟೇಜು ಏರಿ, ನಡುಮನೆಯ ಬಲ್ಬು ಬೆಳ್ಳಗೆ ಉರಿದು ಸಿಡಿಯಿತು. ಸ್ಟೆಬಿಲೈಜರ್ ಇದ್ದ ಟಿವಿ ಉಳಿಯಿತು. ಕಂಪ್ಯೂಟರು ಏಳಲಿಲ್ಲ.

ಬೇರೆ ಸಾಕೆಟ್ಟಿಗೆ ಹಾಕಿದೆ, ವೈರು ಬದಲಿಸಿದೆ. ಮೂಲೆ ಕತ್ತಲಿಗೆ ಅತ್ತಿಗೆ ಬ್ಯಾಟರಿ ಹಿಡಿದು ನಿಂತರು. ಕಂಪ್ಯೂಟರಿಗೆ ಕರೆಂಟು ಕೊಡುವ ಕಪ್ಪು ಡಬ್ಬಿ, ಅಡಾಪ್ಟರು, ಹಚ್ಚಿದ ಸ್ವಲ್ಪ ಹೊತ್ತಿಗೆ ಬೆಚ್ಚಗಾಗುತ್ತಿತ್ತು. ಈಗ ಮುಟ್ಟಿದರೆ ತಣ್ಣಗಿತ್ತು. "ಇದೇ ಹೋಗಿರೋದು" ಅಂದೆ.

"ಕೊಡಿಲ್ಲಿ, ರೇಡಿಯೊ ರಿಪೇರಿಯವ್ನಿಗೆ ಕೊಟ್ ಬರ್ತೀನಿ. ನೀ ಓದ್ಕೋ."

ಸಂಜೆ ಬರಿಗೈಲಿ ಬಂದರು. "ಒಳಗೆಲ್ಲ ಸುಟ್ಟೈತಂತೆ. ಇಂಥದ್ದು ಇಲ್ಲಿ ಎಲ್ಲೂ ಸಿಗಂಗಿಲ್ಲಂತೆ. ಅಲ್ಲೇ ಬಿಟ್ ಬಂದೆ." ನಾನು ಅತ್ತೆ. ಅವರೂ ಅತ್ತರು. ಆ ಕೆಲಸ ಬೇರೆಯವರಿಗೆ ಹೋಯಿತು.

ಕೆಲವು ತಿಂಗಳ ನಂತರ ಮನೆಯ ರೇಡಿಯೊ ಕೆಟ್ಟು ಅದೇ ಅಂಗಡಿಗೆ ಹೋದೆ. ರಿಪೇರಿಯವನು ಕೇಳಿದ: "ಕಂಪ್ಯೂಟರ್ ಡಬ್ಬಿ ಹೆಂಗ್ ನಡೀತೈತ್ರಿ? ಫ್ಯೂಸ್ ಅಷ್ಟೇ ಹೋಗಿತ್ತು, ಅವತ್ತೇ ಹಾಕ್ಕೊಟ್ಟೆ. ನಿಮ್ಮತ್ತಿಗೆಯೋರು ಮೀಟರ್ ಹಚ್ಚಿಸಿ ನೋಡ್ಕೊಂಡೇ ಹೋದ್ರು."

ಮನೆಗೆ ಬಂದಾಗ ಅತ್ತಿಗೆ ಅಕ್ಕಿ ಆರಿಸುತ್ತಿದ್ದರು. ಕೇಳಿದೆ. ಅವರು ಎದ್ದು, ತಮ್ಮ ಟ್ರಂಕಿನಿಂದ ಡಬ್ಬಿ ತೆಗೆದು ನನ್ನ ಕೈಲಿಟ್ಟರು.

"ಯಾಕ ಅತ್ತಿಗೆ? ಕೆಲಸಕ್ಕೆ ಹೋದ್ರೂ ನಾ ದಿನಾ ಸಂಜಿಗೆ ಮನೆಗೇ ಬರ್ತಿದ್ನಲ್ಲ?"

"ಹಗಲು ಭಾಳ ಉದ್ದ ಇರ್ತೈತವ್ವಾ," ಅಂದರು.

ಬೇರೆ ಯಾರು ಮಾಡಿದ್ದರೂ ಕೂಗಾಡುತ್ತಿದ್ದೆ. ಡಬ್ಬಿಯನ್ನು ಒಯ್ದು ಕಂಪ್ಯೂಟರಿಗೆ ಸಿಕ್ಕಿಸಿದೆ; ಸ್ವಲ್ಪ ಹೊತ್ತಿಗೆ ಬೆಚ್ಚಗಾಯಿತು. ನಾನು ಅತ್ತಾಗ ಕಣ್ಣೊರೆಸಿದವರು ಅವರೇ, ಆಗಲೂ ಡಬ್ಬಿ ಅವರ ಬಳಿಯೇ ಇತ್ತು.

ಮುಂದೆ ನಮ್ಮೂರಿನದೇ ಎಂ.ಸಿ.ಸಿ. ಬಡಾವಣೆಯ ಆಫೀಸೊಂದರಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತು. ಆ ವಿದ್ಯೆಗೆ ನನ್ನನ್ನು ಹಚ್ಚಿದವರು ಅವರೇ ಎಂಬುದನ್ನು ಮರೆಯಲಾರೆ. ಆದರೆ ಅವರ ಯಾವ ಮಾತನ್ನೂ ಮತ್ತೆ ಪೂರ್ತಿ ನಂಬಲಾಗಲಿಲ್ಲ.

ಅತ್ತಿಗೆ ಕಾಮಾಲೆಯಾಗಿ ಆಸ್ಪತ್ರೆ ಸೇರಿದಾಗ, ಒಂದು ಬೆಳಗ್ಗೆ, "ನಂಗೇನೂ ಆಗಿಲ್ಲ, ನೀ ಆಫೀಸಿಗೆ ಹೋಗು" ಅಂದರು. ನಂಬಲಿಲ್ಲ. ಸಂಜೆ ಅವರ ಉಸಿರು ನಿಲ್ಲುವವರೆಗೂ ಪಕ್ಕದಲ್ಲೇ ಕೂತಿದ್ದೆ.