ಬಾಗಿಲು ಬರುವ ಜಾಗ

ಅವತ್ತು ಅವ್ವ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ನೀಲಿ ಅಂಚಿನ ಸೀರೆ ಉಟ್ಟು ಕಾಯುತ್ತಿದ್ದಳು. ಪಂಚಾಯಿತಿಯಿಂದ ಫೋಟೊ ತೆಗೆಯಲು ಬರುವವರಿದ್ದರು. ಗೆಜ್ಜಲಗೆರೆಯ ಗಾರ್ಮೆಂಟ್ಸ್‌ಗೆ ಹೋಗುವ ನಾನು ಅರ್ಧ ದಿನ ರಜೆ ಹಾಕಿದ್ದೆ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಊರು. ಅಪ್ಪ ಹೋದ ಮೇಲೆ ಸೋರುವ ಹೆಂಚಿನ ಮನೆಯಲ್ಲಿ ಅವ್ವ, ಮಗಳು ನಾವಿಬ್ಬರೇ ಇದ್ದೆವು. ಎಷ್ಟೋ ಗ್ರಾಮಸಭೆಗಳಲ್ಲಿ ಎದ್ದು ನಿಂತು ಕೇಳಿದ ಮೇಲೆ ಅವ್ವನ ಹೆಸರಿಗೆ ಸರ್ಕಾರದ ಮನೆ ಬಂದಿತ್ತು. ನಮ್ಮ ಕಡೆ ಹಾಗೇ ಹೇಳುವುದು, ಮನೆ ಬಂತು ಎಂದು. ಬರುವುದು ಮಂಜೂರಾತಿ ಮಾತ್ರ, ಕಟ್ಟಬೇಕಾದವರು ನಾವೇ. ಹಳೆಯ ಮನೆ ಕೆಡವಿ, ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿಕೊಂಡೆವು.

ಪಾಯ ಮುಗಿದಾಗ ಒಂದು ಸಲ, ಗೋಡೆ ಎದ್ದು ಬಾಗಿಲು ಕಿಟಕಿಗಳ ಮೇಲೆ ಲಿಂಟಲ್ ಕೂತಾಗ ಒಂದು ಸಲ, ಮೇಲೆ ತಾರಸಿಯ ಮೋಲ್ಡು ಬಿದ್ದಾಗ ಒಂದು ಸಲ, ಮನೆ ಯಾರ ಹೆಸರಿಗೆ ಬಂದಿದೆಯೋ ಅವರೇ ಕಟ್ಟಡದ ಮುಂದೆ ನಿಲ್ಲಬೇಕು. ಪಂಚಾಯಿತಿಯವರು ಮೊಬೈಲಿನಲ್ಲಿ ಫೋಟೊ ತೆಗೆದು ಬೆಂಗಳೂರಿಗೆ ಕಳಿಸುತ್ತಾರೆ. ಅಲ್ಲಿ ಒಪ್ಪಿಗೆಯಾದರೆ ಮುಂದಿನ ಕಂತು. ಹಾಗೆ ನಿಲ್ಲುವವರಿಗೆ ಸರ್ಕಾರ ಇಟ್ಟ ಹೆಸರು ಫಲಾನುಭವಿ. ಅವ್ವನ ಬಾಯಲ್ಲಿ ಅದು ಪಲಾನ್‌ಬವಿ.

ಪಾಯದ ಫೋಟೊಗೆ ಅವ್ವ ಚಪ್ಪಲಿ ಬಿಟ್ಟು ನಿಂತಿದ್ದಳು. ಅವತ್ತು, ಲಿಂಟಲ್ ಫೋಟೊಗೂ, ಹಾಗೇ ಮಾಡಿದಳು.

“ಚಪ್ಲಿ ಆಕ್ಕೊಳಮ್ಮ, ಮೊಳೆಗಿಳೆ ಬಿದ್ದಿರ್ತವೆ,” ಎಂದ ಪಂಚಾಯಿತಿಯವನು.

“ಮನೆ ಒಳೀಕೆ ಯಾರಾದ್ರೂ ಚಪ್ಲಿ ಆಕ್ಕೊಂಡು ಓದಾರಾ?”

“ಎಲ್ಲೈತಮ್ಮ ಮನೆ? ಇನ್ನೂ ಬಾಗ್ಲೇ ಇಲ್ಲ.”

“ಬಾಗ್ಲು ಎಲ್ ಬತ್ತದೆ ಅಂತ ನಂಗೊತ್ತು ಕಣಪ್ಪ. ಅದ್ರಿಂದ ಈಚೆಗೇ ಬುಟ್ಟಿವ್ನಿ, ನೋಡು.”

ನಿಜ. ಬಾಗಿಲಿಗೆಂದು ಬಿಟ್ಟಿದ್ದ ಸಂದಿಯ ಹೊರಗೆ, ಎಡಗಡೆ, ಜೋಡಿಸಿ ಬಿಟ್ಟಿದ್ದಳು. ಹಳೆಯ ಮನೆಯಲ್ಲೂ ಅವಳ ಚಪ್ಪಲಿ ಎಡಕ್ಕೆ, ನನ್ನದು ಬಲಕ್ಕೆ.

“ಸರಿ ಬುಡು, ಪಲಾನುಭವಿ ಜೊತೆ ಚಪ್ಲಿನೂ ಬೆಂಗ್ಳೂರ್ಗೆ ಓಗ್ಲಿ,” ಎಂದು ಅವನು ನಕ್ಕ. ಅವ್ವನೂ ಆ ಸಂದಿಯಲ್ಲಿ ನಿಂತು ನಕ್ಕಳು.

ನಾನು ಬಸ್ಸಿಗೆ ಹೊರಟಾಗ ಅವಳು ತಲೆ ಎತ್ತಿ ಗೋಡೆಗಳ ನಡುವಿನ ಆಕಾಶ ನೋಡುತ್ತಿದ್ದಳು. “ಮೋಲ್ಡು ಬಿದ್ಮೇಲೆ ಒಂದಿನ ಇಲ್ಲಿ ಮಲೀಕಂಡು ಮಳೆ ಸದ್ದು ಕೇಳ್ಬೇಕು ಕಣ್ ಮಗ. ಪಾತ್ರೆ ಇಡಕ್ಕೆ ಏಳ್ದೆ,” ಎಂದಳು.

ಮಾರನೆಯ ದಿನ ಗೋಡೆಗೆ ನೀರು ಹಾಕುತ್ತಾ ಕುಸಿದಳು. ಮಂಡ್ಯದ ಆಸ್ಪತ್ರೆ ತಲುಪುವಷ್ಟರಲ್ಲಿ ಇರಲಿಲ್ಲ.

ಕಾರ್ಯ ಮುಗಿದ ದಿನ ಚಿಕ್ಕಮ್ಮ ಅವಳ ಸೀರೆಗಳನ್ನು ಗಂಟು ಕಟ್ಟಿಕೊಂಡು ಹೋದಳು. “ಓದೋರ ಚಪ್ಲಿ ಮನೇಲಿ ಇರ್ಬಾರ್ದು ಕಣವ್ವ,” ಎಂದು ಅವನ್ನೂ ತೆಗೆದುಕೊಂಡಳು. ನಾನು ಬೇಡವೆನ್ನಲಿಲ್ಲ.

ಆಮೇಲೆ ಮನೆ ಕೆಲಸ ನಿಂತಿತು. ಫಲಾನುಭವಿ ಇಲ್ಲದೆ ಕಂತು ಬರುವುದಿಲ್ಲ, ಹೆಸರು ಬದಲಾಗಬೇಕು. ನಾನು ವಂಶವೃಕ್ಷ ಮಾಡಿಸಿ ಅರ್ಜಿ ಕೊಟ್ಟೆ. ಮಳವಳ್ಳಿಯ ತಾಲ್ಲೂಕು ಕಚೇರಿ, ಅಲ್ಲಿಂದ ಮಂಡ್ಯ, ಅಲ್ಲಿಂದ ಬೆಂಗಳೂರು ಎಂದು ಅದು ಹೋಯಿತು. ಯಾರೂ ಗದರಲಿಲ್ಲ. ನಿಯಮ ಇರುವುದೇ ಹಾಗೆ, ಇರುವ ಹೆಸರು ಹೋಗದೆ ಇನ್ನೊಂದು ಸೇರುವುದಿಲ್ಲ. ರಜೆ ಸಿಕ್ಕಾಗಲೆಲ್ಲ ಕಚೇರಿಗೆ ಹೋಗಿ, “ನಮ್ಮವ್ವನ ಹೆಸರು ತೆಗೆದ್ರಾ ಸಾರ್?” ಎಂದು ಕೇಳುತ್ತಿದ್ದೆ. ತೆಗೆದಿಲ್ಲ ಎಂದರೆ ಮನೆಯೇ ವಾಪಸ್ಸು ಹೋದೀತೆಂದು ಭಯವಾಗುತ್ತಿತ್ತು. ಆದರೂ ಬಸ್ಸಿನಲ್ಲಿ ಕೂತಾಗ, ಇನ್ನೂ ಎಲ್ಲೋ ಒಂದು ಕಡೆ ಅವ್ವ ಇದ್ದಾಳೆ ಅನ್ನಿಸಿ ಸಮಾಧಾನವೂ ಆಗುತ್ತಿತ್ತು.

ಆ ಮಳೆಗಾಲ ಪೂರ್ತಿ ಗೋಡೆಗಳ ಒಳಗೆ ಮಳೆ ಸುರಿಯಿತು. ಅವ್ವ ಮಲಗಬೇಕೆಂದಿದ್ದ ಕಡೆ ಹುಲ್ಲು ಬೆಳೆಯಿತು.

ಕೊನೆಗೆ ಹೆಸರು ಬದಲಾಯಿತು. ನಿಂತಿದ್ದ ಕಂತು ಬಂತು, ಮೋಲ್ಡು ಬಿತ್ತು. ಫೋಟೊ ತೆಗೆಯಲು ಅದೇ ಮನುಷ್ಯ ಬಂದ. ಅವ್ವ ನಿಂತಿದ್ದಲ್ಲೇ ಹೋಗಿ ನಿಂತೆ. ಕಾಲಿಗೆ ಸಿಮೆಂಟು ತಣ್ಣಗೆ ತಾಗಿದಾಗಲೇ ಗೊತ್ತಾಯಿತು, ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದೆ. ಈ ಸಲ ಅವನು ಹಾಕಿಕೊಳ್ಳಿ ಎನ್ನಲಿಲ್ಲ. ಮೊಬೈಲು ಹಿಡಿದು ನೆಲ ನೋಡಿದ. ಆಮೇಲೆ, “ಮಕ ಮೇಲೆತ್ತಿ ಅಕ್ಕ,” ಎಂದ.

ಈಗ ಆ ಮನೆಯಲ್ಲಿದ್ದೇನೆ. ಸೋರುವುದಿಲ್ಲ. ಮಳೆ ಬಂದರೆ ಮಾತ್ರ ಪಾತ್ರೆ ಇಡಬೇಕೆಂದು ಎಚ್ಚರವಾಗುತ್ತದೆ. ಆಮೇಲೆ ಮಲಗಿಕೊಂಡೇ ಸದ್ದು ಕೇಳುತ್ತೇನೆ.

ಬಾಗಿಲೂ ಬಂದಿದೆ, ಅವ್ವ ಹೇಳಿದ ಜಾಗಕ್ಕೇ. ಕೆಲಸದಿಂದ ಬಂದು ಹೊರಗೆ ಬಲಗಡೆ ನನ್ನ ಚಪ್ಪಲಿ ಬಿಡುತ್ತೇನೆ. ಎಡಗಡೆ ಅವ್ವನ ಚಪ್ಪಲಿ ಇಲ್ಲ.