ಒಂದನೆಯ ಕಾರ್ಡು

ನರ್ಸಕ್ಕನ ನಿವೃತ್ತಿಯ ಈ ಅಭಿನಂದನ ಸಂಪುಟಕ್ಕೆ ಲೇಖನ ಬರೆಯಬೇಕೆಂದು ಸಂಪಾದಕರು ಹೇಳಿದ ದಿನ ನನ್ನ ದಿನಚರಿಯಲ್ಲಿ ಬರೆದುಕೊಂಡದ್ದು ಇಷ್ಟೇ: 'ನನ್ನ ಹತ್ತಿರ ಇರುವುದು ಒಂದೇ ಒಂದು ಒಳ್ಳೆಯ ವಾಕ್ಯ. ಅದು ಸಾಲದಿದ್ದರೆ?' ಸಾಲದಿರುವುದು ಹಾಗಿರಲಿ, ಆ ವಾಕ್ಯವೇ ಸುಳ್ಳೆಂದು ಆಗ ನನಗೆ ತಿಳಿದಿರಲಿಲ್ಲ.

ಕಾಯಿಲೆ ಬಂದ ಮೇಲೆ ಉಪಚರಿಸುವವರು ಅನೇಕರಿದ್ದಾರೆ. ಬಾರದಂತೆ ಕಾಯುವ, ಯಾರ ಕಣ್ಣಿಗೂ ಬೀಳದ ಕೆಲಸವನ್ನೇ ಆರಿಸಿಕೊಂಡವರು ನಮ್ಮ ನರ್ಸಕ್ಕ. ಮೂವತ್ತೆರಡು ವರ್ಷ ಈ ಆರೋಗ್ಯ ಕೇಂದ್ರದಲ್ಲಿ ದುಡಿದ ಅವರು, ಹದಿನಾಲ್ಕು ವರ್ಷಗಳ ಹಿಂದೆ ಔಷಧದ ಕೋಣೆಯ ಪಕ್ಕದ ಹಜಾರದಲ್ಲಿ ಹೆಂಗಸರ ಬಳಗವನ್ನು ಆರಂಭಿಸಿದರು. ನಡಿಗೆ, ಉಪ್ಪು ಕಡಿಮೆ ಮಾಡುವ ಅಭ್ಯಾಸ, ತಿಂಗಳಿಗೊಮ್ಮೆ ಬಿಪಿ ತಪಾಸಣೆ. ಮೊದಲ ವಾರ ಬಂದವರು ಏಳು ಮಂದಿ, ಎರಡನೆಯ ವಾರ ಇಬ್ಬರು. ಅಕ್ಕ ಯಾರನ್ನೂ ದೂರಲಿಲ್ಲ. ಮನೆಮನೆಗೆ ಹೋಗಿ, ಕೈ ಬಿಡುವಾಗುವ ಹೊತ್ತು ಯಾವುದೆಂದು ಕೇಳಿಕೊಂಡು ಬಂದು, ಬೆಳಗಿನ ಆರರ ಕಾರ್ಯಕ್ರಮವನ್ನು ಹನ್ನೊಂದಕ್ಕೆ ಬದಲಿಸಿದರು. ಒಬ್ಬರ ಬಿಪಿಯನ್ನು ಪಕ್ಕದವರೇ ನೋಡಬೇಕು, ಅಂಕಿಯನ್ನು ಕಾರ್ಡಿನಲ್ಲಿ ತಾವೇ ಬರೆಯಬೇಕು ಎಂಬ ನಿಯಮವೂ ಅವರದೇ. ಇಂದು ಬಳಗದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಇದ್ದಾರೆ.

ನನ್ನ ಅಮ್ಮ ಬಂದ ಬಗೆ ಬೇರೆ. "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ. ಪುರುಸೊತ್ತೆಲ್ಲಿದೆ?" ಎಂಬುದು ಅವರ ಸಿದ್ಧ ಉತ್ತರ. ಅಕ್ಕ ವಾದಿಸದೆ, ನಿಮ್ಮ ಅಕ್ಷರ ದುಂಡಗಿದೆ, ಹಾಜರಿ ಬರೆದುಕೊಡಿ ಸಾಕು ಎಂದರು. ಮೂರನೆಯ ವಾರ ಹಾಜರಿ ಬರೆಯುತ್ತಿದ್ದ ಕೈಗೇ ಬಿಪಿ ಯಂತ್ರದ ಪಟ್ಟಿ ಸುತ್ತಿದರು. ಅಂಕಿ ಮಿತಿಮೀರಿತ್ತು. ಅಮ್ಮ ಇಂದು ನಮ್ಮೊಂದಿಗೆ ಓಡಾಡಿಕೊಂಡಿರುವುದು ಆ ದಿನದ ದೆಸೆಯಿಂದ.

ಪದವಿ ಮುಗಿಸಿ ಮನೆಯಲ್ಲಿ ಮೂಲೆ ಹಿಡಿದಿದ್ದ ನನ್ನನ್ನು ಕರೆದು, ಮಾತಾಡುವ ಗೋಜಿಲ್ಲದ ಕಾರ್ಡುಗಳ ಕೆಲಸ ಒಪ್ಪಿಸಿದವರೂ ಅವರೇ. ಒಂದನೆಯ ಸಂಖ್ಯೆಯ ಕಾರ್ಡಿನಲ್ಲಿ ಅಕ್ಕನ ಹೆಸರಿತ್ತು. ಹದಿನಾಲ್ಕು ವರ್ಷ, ತಿಂಗಳು ತಪ್ಪದೆ, ನೂರಾ ಇಪ್ಪತ್ತು, ಎಂಬತ್ತು. 'ಇತರರಿಗೆ ಹೇಳಿದ್ದನ್ನು ತಾವೇ ಬಾಳಿ ತೋರಿಸಿದವರು' ಎಂಬ ನನ್ನ ಹೆಮ್ಮೆಯ ವಾಕ್ಯ ಹುಟ್ಟಿದ್ದು ಅಲ್ಲಿ. ಬಿಪಿ ಯಾರಲ್ಲೂ ಹೀಗೆ ಒಂದೇ ಅಂಕಿಯಲ್ಲಿ ನಿಲ್ಲದೆಂದು ಇತಿಹಾಸ ಓದಿದವಳಿಗೆ ಎಲ್ಲಿಂದ ತಿಳಿಯಬೇಕು?

ಕಳೆದ ತಿಂಗಳು ಲೇಖನಕ್ಕೆಂದು ಕಾರ್ಡುಗಳನ್ನು ಮತ್ತೆ ತೆಗೆದೆ. ಎರಡು ವರ್ಷದ ಹಿಂದೆ ಯಂತ್ರ ಕೆಟ್ಟು ಮೂರು ತಿಂಗಳು ರಿಪೇರಿಗೆ ಹೋಗಿತ್ತು. ಎಲ್ಲರ ಕಾರ್ಡಿನಲ್ಲೂ ಆ ಮೂರು ತಿಂಗಳ ಚೌಕಗಳು ಖಾಲಿ. ಒಂದನೆಯ ಕಾರ್ಡಿನಲ್ಲಿ ಮಾತ್ರ ಆಗಲೂ ನೂರಾ ಇಪ್ಪತ್ತು, ಎಂಬತ್ತು. ಕೇಳಿದ್ದಕ್ಕೆ ಅಕ್ಕ ನಕ್ಕರು. "ಅದು ಹೊಸಬರಿಗೆ ಹೇಗೆ ಬರೀಬೇಕು ಅಂತ ತೋರಿಸೋ ಕಾರ್ಡು, ಮರೀ."

"ಹಾಗಾದ್ರೆ ನಿಮ್ಮದು?"

"ನನಗೇನಾಗಿದೆ? ಪುರುಸೊತ್ತೆಲ್ಲಿದೆ?"

ಅಮ್ಮನ ಮಾತು, ಗುಂಡುಕಲ್ಲೊಂದನ್ನು ಬಿಟ್ಟರೆ ಅಕ್ಷರಕ್ಷರವೂ ಅದೇ. ಇನ್ನೂರು ತೋಳುಗಳಿಗೆ ಸುತ್ತಿದ ಪಟ್ಟಿ ಅವರ ತೋಳನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಆ ರಾತ್ರಿ ದಿನಚರಿಯಲ್ಲಿ ದಿನಾಂಕದ ಹೊರತು ಏನನ್ನೂ ಬರೆಯಲಾಗಲಿಲ್ಲ. ಇದನ್ನೆಲ್ಲ ಅಭಿನಂದನ ಸಂಪುಟದಲ್ಲಿ ಹೇಳಬಹುದೇ ಎಂದು ಆಮೇಲೆ ನಾನು ಹಿಂಜರಿದಾಗ, ಒಂದಕ್ಷರವನ್ನೂ ಬಿಡಬೇಡ ಎಂದವರು ಅಕ್ಕನೇ.

ಅವರ ಸೇವೆಯ ಕೊನೆಯ ಸಭೆಯ ದಿನ ಹಜಾರ ತುಂಬಿತ್ತು. ಇನ್ನು ಗದರಿಸುವವರಿಲ್ಲವೆಂದು ತನ್ನ ಸೊಂಟ ಈಗಲೇ ಹಿಗ್ಗತೊಡಗಿದೆ ಎಂದು ಬಳಗದ ಟೈಲರಮ್ಮ ಎಲ್ಲರನ್ನೂ ನಗಿಸುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಅಮ್ಮನ ಕಿವಿಯಲ್ಲಿ ಒಂದನೆಯ ಕಾರ್ಡಿನ ವಿಷಯ ಉಸುರಿದೆ. ಅಮ್ಮ ಎದ್ದುಹೋಗಿ, ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ತೋಳಿಗೆ ಪಟ್ಟಿ ಸುತ್ತಿದರು. ನೂರಾ ಎಂಬತ್ತನಾಲ್ಕು, ನೂರಾ ಹತ್ತು. ಯಂತ್ರ ತಪ್ಪಿರಬೇಕೆಂದು ಟೈಲರಮ್ಮ ಮತ್ತೆ ನೋಡಿದರು. ನೂರಾ ಎಂಬತ್ತಾರು. ನಗು ಅಲ್ಲೇ ನಿಂತಿತು. ಅಕ್ಕ ಸೆರಗು ಸರಿಪಡಿಸಿಕೊಳ್ಳುತ್ತ, ಕಾರ್ಯಕ್ರಮ ಮುಗಿಯಲಿ, ಮುಂದಿನ ವಾರ ಡಾಕ್ಟರನ್ನು ಕಂಡರಾಯಿತು ಎಂದರು.

ಹೂಮಾಲೆ ಹಿಡಿದವರು ಹಾಗೆಯೇ ನಿಂತಿದ್ದರು. ಅಷ್ಟು ಜನರ ನಡುವೆ ಎಂದೂ ಬಾಯಿ ತೆರೆಯದ ನಾನು ಎದ್ದು ನಿಂತದ್ದು ನನಗೇ ತಿಳಿಯಲಿಲ್ಲ.

"ಅಕ್ಕಾ, ಲೇಖನದ ಕೊನೇಲಿ ನೂರು ವರ್ಷ ಬಾಳಿ ಅಂತ ನಿಮಗೆ ಬರೆದಿಟ್ಟಿದ್ದೀನಿ. ಅದೊಂದಾದ್ರೂ ನಿಜ ಆಗ್ಬೇಕು. ಏಳಿ, ಈಗಲೇ ಹೋಗೋಣ."