ಹೆಡ್‌ಫೋನಿನ ಹೊರಗೆ ಕೂತವಳು

ಮದುವೆಯಾಗಿ ಹನ್ನೊಂದು ವರ್ಷವಾದರೂ ನನ್ನ ಹೆಂಡತಿ ನನ್ನ ಗಿಟಾರ್ ಕೇಳಿರಲಿಲ್ಲ. ಇದು ನನಗೆ ಹೊಳೆದದ್ದು ಕಳೆದ ವರ್ಷ, ಅದೂ ಅವಳೇ ಬಾಯಿಬಿಟ್ಟು ಹೇಳಿದ ಮೇಲೆ.

ವಾರವೆಲ್ಲ ವೇಮಗಲ್‌ನ ಕಾರ್ಖಾನೆಯಲ್ಲಿ ಕೆಲಸ, ಶನಿವಾರ ಭಾನುವಾರ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿ ಆರತಕ್ಷತೆಯಿದ್ದರೂ ನಮ್ಮ ವ್ಯಾನು ಹೊರಟಿರುತ್ತದೆ. ನಾನು ಒಂದು ತಂತಿ ಎಳೆದರೆ ಊಟಕ್ಕೆ ಕೂತವರೂ ತಲೆ ಎತ್ತಬೇಕು, ಅಷ್ಟು ಜಂಬ ನನಗೆ. ಅವಳು ಅಲ್ಲಿಗೆ ಬಂದವಳಲ್ಲ. ಸುಗಟೂರಿನ ನಮ್ಮ ಮನೆಯಲ್ಲಿ ಅವಳು ರೇಷ್ಮೆ ಹುಳು ಸಾಕುತ್ತಾಳೆ. ಹೊತ್ತು ಹೊತ್ತಿಗೆ ಸೊಪ್ಪು ಹಾಕುವುದು ಬಿಟ್ಟು, ಗುರುತಿಲ್ಲದವರ ಮದುವೆಗೆ ಬಂದು ಕೂರುವ ಪೈಕಿಯಲ್ಲ. ಮನೆಯಲ್ಲೇ ಬಾರಿಸೋಣವೆಂದರೆ ಹುಳುಮನೆಯ ಪಕ್ಕ ಸದ್ದು ಕೂಡದೆಂದು ಅವಳ ಕಟ್ಟಪ್ಪಣೆ. ಹುಳುವಿಗೆ ಕಿವಿಯಿದೆಯೇನೇ ಎಂದು ವಾದ ಮಾಡಿ ನೋಡಿದೆ, ನನ್ನ ಬೇಳೆ ಬೇಯಲಿಲ್ಲ. ಹಾಗಾಗಿ ಮನೆಯಲ್ಲಿ ಹೆಡ್‌ಫೋನ್. ಗಿಟಾರಿಗೆ ಸಿಕ್ಕಿಸಿ ಅದನ್ನು ಹಾಕಿಕೊಂಡರೆ ಇಡೀ ಸಂಗೀತ ನನ್ನ ಕಿವಿಯೊಳಗೆ. ಹೊರಗಿದ್ದವರಿಗೆ ಏನು ಕೇಳಿಸುತ್ತದೆ ಎಂದು ನಾನು ಯೋಚಿಸಿದ್ದೇ ಇಲ್ಲ.

"ಏನ್ ಕೇಳಿಸ್ತದೆ? ಟಿಕ್ ಟಿಕ್ ಅಂತದೆ. ಹಲ್ಲಿ ಲೊಚಗುಟ್ಟಿದಂಗೆ," ಎಂದಳು ಒಂದು ದಿನ. "ಕರೆಂಟಿಲ್ದೆ ಬಾರ್ಸೋ ಗಿಟಾರ್ ಒಂದು ತಗೊಳ್ರೀ. ದೊಡ್ಡದೇನೂ ಬೇಡ, ಈ ಸಲದ ಗೂಡಿನ ದುಡ್ಡಲ್ಲಿ ಆಗೋವಂಥದ್ದು. ನಾನೂ ಒಂದಿನ ಕೇಳ್ಬೇಕು."

ಅವಳು ಸುಮ್ಮನೆ ಆಡಿದ ಮಾತು, ನನಗೆ ಮಾತ್ರ ಹೆದರಿಕೆ ಹತ್ತಿತು. ಎಲೆಕ್ಟ್ರಿಕ್ ಗಿಟಾರಿನವನ ಗುಟ್ಟು ಅವನಿಗೇ ಗೊತ್ತು. ಪೆಡಲ್ ತುಳಿದರೆ ಒಂದು ಸ್ವರ ನಾಲ್ಕಾಗುತ್ತದೆ, ಬೇಕಾದಷ್ಟು ಹೊತ್ತು ನಿಲ್ಲುತ್ತದೆ. ಬೆರಳು ತಪ್ಪಿದರೂ ಡ್ರಮ್ಸ್ ಗಲಾಟೆಯಲ್ಲಿ ಮುಚ್ಚಿಹೋಗುತ್ತದೆ. ಅದೆಲ್ಲ ಕಳಚಿಟ್ಟು ಬರೀ ಮರ, ಬರೀ ತಂತಿ ಹಿಡಿದು ಅವಳ ಮುಂದೆ ಕೂತಾಗ, ಇಷ್ಟು ವರ್ಷ ಇವನು ಕಲಿತದ್ದು ಇಷ್ಟೇನಾ ಎಂದುಕೊಂಡುಬಿಟ್ಟರೆ? ಮಂಟಪದಲ್ಲಿ ಸಾವಿರ ಜನ ನಕ್ಕರೂ ತಡೆದುಕೊಂಡೇನು, ಅವಳೊಬ್ಬಳ ಕಣ್ಣಲ್ಲಿ ಸಣ್ಣವನಾಗುವುದು ನನ್ನಿಂದಾಗದು.

ಗೂಡು ಮಾರಿ ಹುಳುಮನೆ ಖಾಲಿಯಾದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಕೋಲಾರಕ್ಕೆ ಹೋದೆವು. ಗಡಿಯಾರ ಗೋಪುರದ ಹತ್ತಿರ ಹಿರಿಯ ಸಾಹೇಬರೊಬ್ಬರ ಅಂಗಡಿಯಿದೆ. ಹಾರ್ಮೋನಿಯಂ, ಡೋಲಕ್ ರಿಪೇರಿ ಅವರ ಕಸುಬು, ಈಗ ಗಿಟಾರನ್ನೂ ಇಟ್ಟಿದ್ದಾರೆ. ನಮ್ಮ ಕೈಗೆಟುಕುವಂಥ ಮೂರನ್ನು ತೆಗೆದಿಟ್ಟರು. ನಾನು ಕಣ್ಣುಮುಚ್ಚಿ ಕರಿ ಬಣ್ಣದ್ದಕ್ಕೆ ಕೈ ಹಾಕಿದೆ. ತೆಳು ಹೊಟ್ಟೆ, ಬೆರಳಿಗೆ ನನ್ನ ಎಲೆಕ್ಟ್ರಿಕ್‌ನಷ್ಟೇ ಹಗುರ, ಪಕ್ಕದಲ್ಲಿ ವೈರ್ ಚುಚ್ಚಲು ತೂತು ಬೇರೆ. ತೀರಾ ಕಷ್ಟ ಬಂದರೆ ಸ್ಪೀಕರ್ ಇದ್ದೇ ಇದೆ ಎಂದು ಒಳಗೊಳಗೇ ಸಮಾಧಾನವಾಯಿತು.

"ಇದೇ ಇರ್ಲಿ," ಎಂದೆ.

"ಯಾಕ್ರೀ, ಬಾಕಿಯವು ಏನ್ ಪಾಪ ಮಾಡಿದ್ವು?" ಎಂದು ಅವಳು ಅಂಗಡಿ ಮೆಟ್ಟಿಲ ಮೇಲೆ ನಮಗೆ ಬೆನ್ನು ಹಾಕಿ ಕೂತಳು. "ಯಾವ್ದು ಅಂತ ಹೇಳ್ಬೇಡಿ. ಒಂದೊಂದೇ ಬಾರ್ಸಿ."

ಅವಳು ಗೂಡು ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಂದನ್ನು ಎತ್ತಿ ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸುತ್ತಾಳೆ. ಒಳಗಿನ ಹುಳು ಗಟ್ಟಿಯಾಗಿದೆಯೋ, ಸತ್ತು ಕರಗಿದೆಯೋ ಆ ಸದ್ದಿನಲ್ಲೇ ಹೇಳುತ್ತಾಳೆ. ಕತ್ತರಿಸಿ ನೋಡಿದರೆ ಅವಳು ಹೇಳಿದ್ದೇ ಸರಿ. ಅಂಥ ಕಿವಿ ಮನೆಯಲ್ಲೇ ಇರುವಾಗ ನಾನು ಊರೂರು ಸುತ್ತಿ ಕೇಳುವವರನ್ನು ಹುಡುಕುತ್ತಿದ್ದೆನಲ್ಲ, ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಮೂರರಲ್ಲೂ ಅದೇ ನಾಲ್ಕು ಸ್ವರ ಮೀಟಿದೆ. ಕರಿಯದಕ್ಕೆ, "ಬಾಯಿ ಮುಚ್ಕೊಂಡು ಮಾತಾಡ್ದಂಗಿದೆ," ಎಂದಳು. ದೊಡ್ಡ ಹೊಟ್ಟೆಯದಕ್ಕೆ, "ಗದ್ದಲ ಜಾಸ್ತಿ." ಮೂರನೆಯದು ಹೊಳಪಿಲ್ಲದ, ಬಡಪಾಯಿ ಮರದ ಬಣ್ಣದ್ದು. ಅದನ್ನು ಮೀಟಿದಾಗ ಸ್ವರ ಪೂರ್ತಿ ಅಡಗುವವರೆಗೂ ಅವಳು ಮಾತಾಡಲಿಲ್ಲ. "ಇನ್ನೊಂದ್ಸಲ," ಎಂದಳು. ಮತ್ತೆ ಮೀಟಿದೆ. "ಇದೇ," ಎಂದಳು.

ಸಾಹೇಬರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ವಾಹ್ ಅಮ್ಮಾ! ಇದ್ರ ಮುಂದಿನ ಹಲಗೆ ಒಂದೇ, ಅಸಲಿ ಮರ. ಅವೆರಡೂ ಪ್ಲೈವುಡ್. ಬರೋರೆಲ್ಲ ಕಲರ್ ನೋಡಿ ತಗೊಂಡು ಹೋಗ್ತಾರೆ."

ನನಗೆ ಹೆಮ್ಮೆಯಾಯಿತು, ಹೊಟ್ಟೆಯುರಿಯೂ ಆಯಿತು. ತಂತಿ ದಪ್ಪ, ಎತ್ತರ, ಒತ್ತಿದರೆ ಬೆರಳು ಕೊಯ್ಯುತ್ತದೆ. "ಕೈಗೆ ಕಷ್ಟ ಕಣೇ," ಎಂದು ಗೊಣಗಿದೆ.

"ಕೈ ನಿಮ್ದು, ಕಿವಿ ನಂದು," ಎಂದು ಎದ್ದಳು. ಸಾಹೇಬರು ನಗುತ್ತಾ ತಂತಿ ಕೂರುವ ಪಟ್ಟಿಯನ್ನು ಬಿಚ್ಚಿ, ಅಡಿಯನ್ನು ಉಜ್ಜಿ, ತಂತಿಯನ್ನು ಸ್ವಲ್ಪ ತಗ್ಗಿಸಿಕೊಟ್ಟರು.

ಮಧ್ಯಾಹ್ನ ಮನೆಗೆ ಬಂದು ಊಟ ಮುಗಿಸಿದ್ದೇ ಅವಳು ಎದುರಿಗೆ ಚಾಪೆ ಹಾಕಿ ಕೂತಳು. ನಾನು ಆರ್ಕೆಸ್ಟ್ರಾದಲ್ಲಿ ಸಿಳ್ಳೆ ಗಿಟ್ಟಿಸುವ ಒಂದು ಓಟದ ತುಣುಕನ್ನು ಶುರು ಮಾಡಿದೆ. ಅರ್ಧ ಸ್ವರ ಹುಟ್ಟಲೇ ಇಲ್ಲ, ಹುಟ್ಟಿದವು ಗರಗರ ಎಂದವು. ಎಳೆದು ನಿಲ್ಲಿಸೋಣವೆಂದರೆ ಆ ದಪ್ಪ ತಂತಿ ಜಗ್ಗಲಿಲ್ಲ. ಹೆದರಿದ್ದೇ ಆಗುತ್ತಿತ್ತು.

"ಚಾಲು ಚಾಲು," ಎಂದಳು. ಸಾಕು ಎನ್ನುವುದಕ್ಕೆ ಅವಳಿಗೆ ಶ್ರೀನಿವಾಸಪುರದ ತವರಿನ ತೆಲುಗೇ ಬಾಯಿಗೆ ಬರುವುದು. "ಅದನ್ನ ಮದ್ವೆ ಮನೇಲಿ ಬಾರ್ಸಿ. ನಿಮ್ದು ಯಾವ್ದಾದ್ರೂ ಬಾರ್ಸಿ."

ನನ್ನದು ಎಂದರೆ ಏನು? ಯೋಚಿಸುವಷ್ಟರಲ್ಲಿ ಬೆರಳು ತಾನೇ ಒಂದು ನಿಧಾನದ ರಾಗಕ್ಕೆ ಇಳಿಯಿತು. ಹೆಸರಿಲ್ಲದ್ದು, ನಾನೇ ಕಟ್ಟಿಕೊಂಡದ್ದು, ಯಾವ ವೇದಿಕೆಯಲ್ಲೂ ಬಾರಿಸದ್ದು. ಅದಕ್ಕೆ ಎಳೆತ ಬೇಕಿರಲಿಲ್ಲ, ಪೆಡಲ್ ಬೇಕಿರಲಿಲ್ಲ. ಮರವೇ ಸ್ವರವನ್ನು ಹಿಡಿದು ನಿಲ್ಲಿಸಿಕೊಳ್ಳುತ್ತಿತ್ತು. ಅವಳು ಆರಿಸಿದ್ದು ಎಂಥ ಗಿಟಾರೆಂದು ನನಗೆ ಆಗ ಗೊತ್ತಾಯಿತು. ಕೊನೆಯವರೆಗೂ ಬಾರಿಸಿ ತಲೆ ಎತ್ತಿದೆ.

"ಅತ್ತೆ ತೀರ್ಕೊಂಡ ತಿಂಗ್ಳೆಲ್ಲ ಇದೇ ಅಲ್ವಾ ಬಾರ್ಸ್ತಿದ್ದಿದ್ದು?" ಎಂದಳು.

ನಾನು ದಂಗಾದೆ. ಅಮ್ಮ ಹೋಗಿ ಆಗ ಮೂರು ವರ್ಷ. ಯಾರ ಮುಂದೆಯೂ ಒಂದು ಹನಿ ಕಣ್ಣೀರು ಹಾಕಿರಲಿಲ್ಲ ನಾನು, ಕಲ್ಲೆದೆಯವನೆಂದು ನೆಂಟರು ಆಡಿಕೊಂಡಿದ್ದರು. ದಿನಾ ಕೋಣೆಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು ಇದನ್ನೇ ಬಾರಿಸುತ್ತಿದ್ದೆ. ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೆ.

"ನಿಂಗೆ ಟಿಕ್ ಟಿಕ್ ಅಲ್ವೇನೇ ಕೇಳಿಸ್ತಿದ್ದಿದ್ದು?"

"ಟಿಕ್ ಟಿಕ್ಕೇ," ಎಂದಳು. "ಬೇರೆ ದಿನ ಅದು ಓಡ್ತಿತ್ತು. ಆ ತಿಂಗ್ಳು ನಿಂತು ನಿಂತು ಬರ್ತಿತ್ತು. ಅಳ್ತಾ ಇದೀರ ಅಂತ ಗೊತ್ತಾಗ್ತಿತ್ತು. ಅದಕ್ಕೇ ನೀವು ಮುಗ್ಸೋವರ್ಗೂ ಟಿವಿ ಆಫ್ ಮಾಡಿ, ಗೋಡೆ ಈ ಕಡೆ ಕೂತಿರ್ತಿದ್ದೆ."